ಎಪ್ಪತ್ತೈದರ ಗೆರೆ

ಆನರ್ಸ್ ಎಂದರೆ ಗೌರವ. ಉರ್ದುವಿನಲ್ಲಿ ಹೇಳುವುದಾದರೆ ಇಜ್ಜತ್. ಅದನ್ನು ಅಂಕಗಳಲ್ಲಿ ಅಳೆಯಬಹುದೇ?

ಯುಜಿಸಿ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪದವಿ ಚೌಕಟ್ಟು ಅಳೆಯಬಹುದೆನ್ನುತ್ತದೆ. ಮೂರು ವರ್ಷ, 120 ಕ್ರೆಡಿಟ್ ಮುಗಿಸಿದರೆ ಪದವಿ. ನಾಲ್ಕು ವರ್ಷ, 160 ಕ್ರೆಡಿಟ್‌ಗೆ ಆನರ್ಸ್. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರು ಬಯಸಿದರೆ ನಾಲ್ಕನೆಯ ವರ್ಷ ಸಂಶೋಧನೆ ಮಾಡಬಹುದು. ಅಧ್ಯಾಪಕರ ಮಾರ್ಗದರ್ಶನದಲ್ಲಿ ಬರೆಯುವ ಪ್ರಬಂಧಕ್ಕೆ 12 ಕ್ರೆಡಿಟ್.

ಉದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ನೋಟ್ಸ್ ಉರು ಹೊಡೆದು ಬೆಳೆದ ಮಕ್ಕಳು ಸ್ವಂತ ಪ್ರಶ್ನೆಯೊಂದರ ಬೆನ್ನು ಹತ್ತುವುದು ಒಳ್ಳೆಯದೇ. ಆದರೆ ಆ ಶೇ. 75 ಬರುವುದು ಬಹುಪಾಲು ಅದೇ ಉರು ಹೊಡೆಯುವ ಪರೀಕ್ಷೆಯಿಂದ. ಉತ್ತರ ಒಪ್ಪಿಸಿದವರನ್ನು ಆರಿಸಿ, ಇನ್ನು ಪ್ರಶ್ನೆ ಕೇಳಿ ಎನ್ನುವುದು ಯಾವ ನ್ಯಾಯ?

ಇನ್ನೊಂದು ಮಾತು. ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆದು ಓದುವ ಹುಡುಗ ಶೇ. 74ಕ್ಕೆ ನಿಂತರೆ ಅದು ದಡ್ಡತನವಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಮೂರು ವರ್ಷ ಓದುವುದೇ ಅಬ್ಬಾನನ್ನು ಒಪ್ಪಿಸಿ, ಅಮ್ಮಿಯನ್ನು ಅಳಿಸಿ. ನಾಲ್ಕನೆಯ ವರ್ಷವೆಂದರೆ ಮತ್ತೊಂದು ಯುದ್ಧ.

ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿ, 2024-25ರಿಂದ ಮೂರು ವರ್ಷಕ್ಕೆ ಮರಳಿತು. ವರ್ಷಗಳ ಲೆಕ್ಕ ಬದಲಾಯಿತು. ಸಂಶೋಧನೆ ಯಾರ ಹಕ್ಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ನಮ್ಮ ಸಲಹೆ ಸರಳ. ಮೂರನೆಯ ವರ್ಷದಲ್ಲೇ ಪುಟ್ಟ ಸಂಶೋಧನೆಗೆ ಜಾಗವಿರಲಿ. ಅಂಕಪಟ್ಟಿಯ ಬದಲು ವಿದ್ಯಾರ್ಥಿ ತನ್ನ ಪ್ರಶ್ನೆಯನ್ನು ಎರಡು ಪುಟದಲ್ಲಿ ಬರೆದು ತರಲಿ. ಅಧ್ಯಾಪಕರು ಅದನ್ನು ಓದಿ ಆರಿಸಲಿ. ಬಡವರಿಗೆ ವಿದ್ಯಾರ್ಥಿವೇತನ ಸಿಗಲಿ. ಆಗ ಆ ಶಬ್ದಕ್ಕೆ ಇಜ್ಜತ್ ಬಂದೀತು.