ರ‍್ಯಾಮಿನ ಮೂಲೆಮೂಲೆ ತಡಕುವ ಮೆಮ್‌ಟೆಸ್ಟ್

ಹಳೆಯ ಕಂಪ್ಯೂಟರಿಗೆ ಮತ್ತೆ ವಿಂಡೋಸ್ ಹಾಕುವಾಗ ಫೈಲ್ ಕಾಪಿ ಅರ್ಧಕ್ಕೆ ನಿಂತರೆ ಎಲ್ಲರೂ ಬೈಯುವುದು ಪೆನ್‌ಡ್ರೈವನ್ನು, ಆಮೇಲೆ ಹಾರ್ಡ್‌ಡಿಸ್ಕನ್ನು. ಎಷ್ಟೋ ಸಲ ತಪ್ಪು ರ‍್ಯಾಮಿನದು. ಅದನ್ನು ಹಿಡಿದುಕೊಡುವ ಮೆಮ್‌ಟೆಸ್ಟ್86 ಪ್ಲಸ್ ನನಗೆ ಅಚ್ಚುಮೆಚ್ಚು. ಕ್ರಿಸ್ ಬ್ರೇಡಿ 1994ರಲ್ಲಿ ಹೊರತಂದ ಮೆಮ್‌ಟೆಸ್ಟ್86ರಿಂದ ಕವಲೊಡೆದ ಈ ಪುಟ್ಟ ಉಚಿತ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ಮೇ ಬೇಡ. ಪೆನ್‌ಡ್ರೈವಿನಿಂದ ನೇರ ಶುರುವಾಗುತ್ತದೆ. ಸೊನ್ನೆ-ಒಂದುಗಳ ವಿನ್ಯಾಸಗಳನ್ನು ಮೆಮೊರಿಗೆ ಬರೆದು, ಮತ್ತೆ ಓದಿ, ತಾಳೆಯಾಗದಿದ್ದರೆ ಆ ವಿಳಾಸವನ್ನು ಕೆಂಪಾಗಿ ತೋರಿಸುತ್ತದೆ. ತಾನು ಕುಳಿತ ಜಾಗವನ್ನೂ ಬಿಡುವುದಿಲ್ಲ. ತನ್ನನ್ನೇ ಬೇರೆಡೆಗೆ ಸರಿಸಿಕೊಂಡು ಅದನ್ನೂ ಪರೀಕ್ಷಿಸುತ್ತದೆ. ಎಂಥ ಪ್ರಾಮಾಣಿಕತೆ! ಕೆಂಪು ಕಂಡರೆ ಕರೆಂಟ್ ತೆಗೆದು, ರ‍್ಯಾಮ್ ಕಳಚಿ, ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಂದೊಂದೇ ರ‍್ಯಾಮ್ ಹಾಕಿ ಪರೀಕ್ಷೆಯನ್ನು ಮತ್ತೆ ಓಡಿಸಬೇಕು. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಕೆಲವು ದೋಷಗಳು ಚಿಪ್ ಬಿಸಿಯಾದ ಮೇಲೆಯೇ ಬಾಯಿಬಿಡುತ್ತವೆ.