ಬೆಸ್ಸಿ ಡನ್‌ಲಪ್ ಕಂಡವರಿಗೆ ರೆಕ್ಕೆಯಿರಲಿಲ್ಲ

ಸ್ಕಾಟ್ಲೆಂಡಿನ ಫೇರಿಗಳನ್ನು ನಾವು ಕನ್ನಡದಲ್ಲಿ ಕಿನ್ನರಿಯರೆಂದು ಕರೆದು ಮಕ್ಕಳ ಪುಸ್ತಕಕ್ಕೆ ಒಪ್ಪಿಸಿಬಿಟ್ಟಿದ್ದೇವೆ. ಬೆರಳುದ್ದದ ಹುಡುಗಿ, ಚಿಟ್ಟೆಯ ರೆಕ್ಕೆ, ಕೈಯಲ್ಲೊಂದು ಮಂತ್ರದಂಡ. ಸ್ಕೈ ದ್ವೀಪದ ‘ಫೇರಿ ಪೂಲ್ಸ್’ ಕೊಳಗಳನ್ನು ನೋಡಿ ಬಂದವರೂ ಎಂಥ ಮುದ್ದಾದ ನಂಬಿಕೆ ಎನ್ನುತ್ತಾರೆ. ನನಗೆ ಇದನ್ನು ಒಪ್ಪಲಾಗುವುದಿಲ್ಲ. ಆ ನಂಬಿಕೆಯೊಳಗೆ ಸಾವು, ಬಾಣಂತನ, ಸೊರಗಿದ ಕೂಸು ಎಲ್ಲವೂ ಇದ್ದವು.

1576ರಲ್ಲಿ ಏರ್‌ಶೈರಿನ ಬೆಸ್ಸಿ ಡನ್‌ಲಪ್ ಎಂಬಾಕೆಯನ್ನು ಮಾಟಗಾತಿಯೆಂದು ವಿಚಾರಣೆಗೆ ಗುರಿಪಡಿಸಿದರು. ಆಕೆಯ ಹೇಳಿಕೆ ದಾಖಲೆಯಲ್ಲಿ ಉಳಿದಿದೆ. ಹೆರಿಗೆಯಾಗಿ ಆಗಷ್ಟೇ ಎದ್ದಿದ್ದಳು. ಹಸು ಸತ್ತಿತ್ತು, ಗಂಡನೂ ಕೂಸೂ ಹಾಸಿಗೆ ಹಿಡಿದಿದ್ದರು. ದನ ಹೊಡೆದುಕೊಂಡು ಅಳುತ್ತ ಹೋಗುವಾಗ ಎದುರಾದವನು ಟಾಮ್ ರೀಡ್: ನರೆತ ಗಡ್ಡ, ಬೂದು ಕೋಟು, ಕೈಯಲ್ಲಿ ಬಿಳಿ ಕೋಲು. ತಾನು 1547ರ ಪಿಂಕಿ ಕದನದಲ್ಲಿ ಸತ್ತವನೆಂದು ಅವನೇ ಹೇಳಿದ. ಮುಂದೆ ಅವನು ಆಕೆಗೆ ಮದ್ದು ಕಲಿಸಿದ, ಊರವರು ಕಳೆದುಕೊಂಡ ಸಾಮಾನಿನ ಸುಳಿವು ಕೊಟ್ಟ. ಒಮ್ಮೆ ತನ್ನ ಕಡೆಯವರಾದ ಫೇರಿಗಳನ್ನೂ ತೋರಿಸಿದ: 8 ಹೆಂಗಸರು, 4 ಗಂಡಸರು. ಗಂಡಸರು ಸ್ಥಿತಿವಂತರ ಉಡುಪಿನಲ್ಲಿದ್ದರು, ಹೆಂಗಸರು ಉಣ್ಣೆಯ ಪ್ಲೇಡ್ ಹೊದ್ದಿದ್ದರು. ಸಂತೆಗೆ ಹೊರಟ ಮನುಷ್ಯರ ಹಾಗೆಯೇ. ನಮ್ಮೊಡನೆ ಬಾ ಎಂದಾಗ, ಗಂಡ ಮಕ್ಕಳನ್ನು ಬಿಟ್ಟು ಬರಲಾರೆ ಎಂದಳಂತೆ ಬೆಸ್ಸಿ. ನ್ಯಾಯಾಲಯಕ್ಕೆ ಇದರಲ್ಲೆಲ್ಲ ಕಂಡದ್ದು ಸೈತಾನ. ಆಕೆಯನ್ನು ಸುಟ್ಟರು.

ಇದು ಅನಕ್ಷರಸ್ಥರ ಅಜ್ಞಾನ ಎಂದು ಕೈತೊಳೆದುಕೊಳ್ಳುವವರಿಗೆ ಅಬರ್‌ಫಾಯಿಲ್‌ನ ಪಾದ್ರಿ ರಾಬರ್ಟ್ ಕಿರ್ಕ್ ಅಡ್ಡ ಬರುತ್ತಾನೆ. 1684ರಲ್ಲಿ ಬೈಬಲಿನ ಕೀರ್ತನೆಗಳನ್ನು ಗೇಲಿಕ್ ಭಾಷೆಗೆ ತಂದ ವಿದ್ವಾಂಸ ಅವನು. ಅವನೇ ತನ್ನ ಕೊನೆಯ ವರ್ಷಗಳಲ್ಲಿ ಫೇರಿಗಳ ಬಗ್ಗೆ ಒಂದು ಗ್ರಂಥ ಬರೆದ. ಮನುಷ್ಯರಿಗೂ ದೇವದೂತರಿಗೂ ನಡುವಿನವರು, ಮೋಡ ಹೆಪ್ಪುಗಟ್ಟಿದಂಥ ಮೈಯವರು ಎಂದು ಶ್ರದ್ಧೆಯಿಂದ ವಿವರಿಸಿದ. 1692ರಲ್ಲಿ ಅವನು ತೀರಿಕೊಂಡಾಗ, ಗುಡ್ಡದೊಳಗಿನವರು ಕರೆದೊಯ್ದರೆಂದು ಊರು ನಂಬಿತು.

ಹಾಗೆಂದು ಆ ಲೋಕವನ್ನು ನಾನು ಹೊಗಳಲಾರೆ. ಬೆಳೆಯದೆ ಸೊರಗಿದ ಮಗುವನ್ನು ‘ಅವರು ಬದಲಾಯಿಸಿಟ್ಟದ್ದು’ ಎಂದು ತಿಳಿದು ಬೆಂಕಿ ತೋರಿಸಿ ಹೆದರಿಸಿದ, ರಾತ್ರಿಯಿಡೀ ಹೊರಗೆ ಮಲಗಿಸಿದ ಕಥೆಗಳು ಸ್ಕಾಟ್ಲೆಂಡಿನ ಗುಡ್ಡನಾಡಾದ ಹೈಲ್ಯಾಂಡ್ಸ್‌ನಲ್ಲಿವೆ. ಅವನ್ನು ಓದುವಾಗ ಕರುಳು ಹಿಂಡುತ್ತದೆ. ಆ ಕಥೆ ಕಟ್ಟಿಕೊಳ್ಳದೆ ತಮ್ಮ ಕೂಸಿಗೆ ಏನಾಯಿತೆಂದು ಹೇಳಿಕೊಳ್ಳಲು ಆ ತಾಯ್ತಂದೆಯರಿಗೆ ಬೇರೆ ಮಾತೇ ಇರಲಿಲ್ಲ. ಈ ಕ್ರೌರ್ಯವನ್ನೂ ಈ ಸಂಕಟವನ್ನೂ ಚಿಟ್ಟೆಯ ರೆಕ್ಕೆ ಒಟ್ಟಿಗೆ ಮುಚ್ಚಿಹಾಕಿತು.

ಆ ರೆಕ್ಕೆ ಬಂದದ್ದು ಹೆಚ್ಚಾಗಿ ಇಂಗ್ಲೆಂಡಿನ ರಂಗಭೂಮಿ ಮತ್ತು ಚಿತ್ರಕಾರರಿಂದ. ಸ್ಕಾಟ್ಲೆಂಡಿನವನೇ ಆದ ಜೆ. ಎಂ. ಬ್ಯಾರಿಯ ಪಾಲೂ ಇದೆ. 1904ರ ಅವನ ‘ಪೀಟರ್ ಪ್ಯಾನ್’ ನಾಟಕದಲ್ಲಿ ಸಾಯುತ್ತಿರುವ ಫೇರಿ ಪ್ರೇಕ್ಷಕರ ಚಪ್ಪಾಳೆಯಿಂದ ಬದುಕುತ್ತಾಳೆ. ನಂಬುವವರಿದ್ದರೆ ಮಾತ್ರ ಅವಳಿಗೆ ಉಸಿರು. ಹೈಲ್ಯಾಂಡ್ಸ್‌ನಲ್ಲಿ ಲೆಕ್ಕವೇ ತಿರುಗುಮುರುಗು. ‘ಅವರಿಗೆ’ ಯಾರ ನಂಬಿಕೆಯ ಹಂಗೂ ಇರಲಿಲ್ಲ. ಜನ ಬಾಗಿಲಿಗೆ ಕಬ್ಬಿಣ ಸಿಕ್ಕಿಸುತ್ತಿದ್ದರು, ‘ಒಳ್ಳೆಯ ಜನ’ ಎಂದು ತಗ್ಗಿದ ದನಿಯಲ್ಲಿ ಕರೆಯುತ್ತಿದ್ದರು, ತಮ್ಮ ಕಡೆ ತಿರುಗದಿರಲಿ ಎಂದು ಹಂಬಲಿಸುತ್ತಿದ್ದರು.

ಬೆಸ್ಸಿ ನ್ಯಾಯಾಲಯದಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಿದ್ದಳು. ಆಕೆ ಹೆರಿಗೆಯ ಹಾಸಿಗೆಯಲ್ಲಿದ್ದಾಗ ದಪ್ಪನೆಯ ಹೆಂಗಸೊಬ್ಬಳು ಒಳಗೆ ಬಂದು ಪಕ್ಕದಲ್ಲಿ ಕುಳಿತಳು. ಕುಡಿಯಲು ಏನಾದರೂ ಕೊಡು ಎಂದಳು, ಬೆಸ್ಸಿ ಕೊಟ್ಟಳು. ಗಂಡ ಹುಷಾರಾಗುತ್ತಾನೆ, ಕೂಸು ಉಳಿಯುವುದಿಲ್ಲ ಎಂದು ಹೇಳಿ ಆ ಹೆಂಗಸು ಎದ್ದು ಹೋದಳು. ಅವಳೇ ಫೇರಿಗಳ ರಾಣಿ ಎಂದು ಟಾಮ್ ಆಮೇಲೆ ತಿಳಿಸಿದ.