ಬಾನೆಟ್ ತೆರೆಯದ ಪ್ರದರ್ಶನ

ನಾಟಕಕ್ಕೆ, ಕಛೇರಿಗೆ, ಕಾದಂಬರಿಗೆ ವಿಮರ್ಶೆ ಬರೆಯುವುದು ರೂಢಿ. ಹಳೆಯ ಕಾರುಗಳ ಪ್ರದರ್ಶನಕ್ಕೂ ವಿಮರ್ಶೆಯೇ ಎಂದು ಓದುಗ ಬಂಧುಗಳು ಹುಬ್ಬೇರಿಸಬಹುದು. ಆದರೆ ಯಾರಾದರೂ ಕೆಲವು ವಸ್ತುಗಳನ್ನು ಆರಿಸಿ, ಸಾಲಾಗಿ ಜೋಡಿಸಿ, ಪಕ್ಕಕ್ಕೆ ನಾಲ್ಕು ಮಾತು ಬರೆದಿಟ್ಟು "ಬಂದು ನೋಡಿ" ಎಂದು ಕರೆದ ಮೇಲೆ ಅದೂ ಒಂದು ಕೃತಿಯೇ. ಏನನ್ನು ಇಟ್ಟಿರಿ, ಏನನ್ನು ಬಿಟ್ಟಿರಿ ಎಂದು ಕೇಳುವ ಹಕ್ಕು ನೋಡಿ ಬಂದವರಿಗೆ ಇದೆ. ಆ ಹಕ್ಕನ್ನು ನಾವು ಇಲ್ಲಿ ಸ್ವಲ್ಪ ಬಳಸಿಕೊಳ್ಳುತ್ತಿದ್ದೇವೆ.

ನಮ್ಮ ದೇಶದಲ್ಲಿ ಇಂಥ ಪ್ರದರ್ಶನಗಳ ಪರಂಪರೆ ಸಣ್ಣದೇನಲ್ಲ. 'ಸ್ಟೇಟ್ಸ್‌ಮನ್' ಪತ್ರಿಕೆ ದೆಹಲಿಯಲ್ಲಿ ಹಳೆಯ ಕಾರುಗಳ ರ‍್ಯಾಲಿಯನ್ನು ಆರಂಭಿಸಿದ್ದು 1964ರಲ್ಲಿ. ಚೆನ್ನೈಯಲ್ಲೂ ಆಸಕ್ತರ ಕೂಟಗಳಿವೆ. ವರ್ಷಕ್ಕೊಮ್ಮೆ, ಎರಡು ಬಾರಿ, ಒಂದು ಭಾನುವಾರ ಯಾವುದಾದರೂ ಮೈದಾನದಲ್ಲಿ ಕಾರುಗಳು ಬಂದು ನಿಲ್ಲುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದ ನಾವು ಕಂಡದ್ದು ಅಂಥದೇ ಒಂದು. ನಡೆಸಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ನಮ್ಮ ಮಾತು ಒಂದು ಕೂಟದ ಮೇಲಿನ ದೂರಲ್ಲ, ಈ ಪ್ರದರ್ಶನವೆಂಬ ಪ್ರಕಾರದ ಬಗೆಗಿನದು.

ಕಾರುಗಳು ಕಣ್ಣು ಕುಕ್ಕುವಂತಿದ್ದವು. ಹಿತ್ತಾಳೆಯ ದೀಪಗಳಲ್ಲಿ ನಮ್ಮ ಮುಖ ಕಾಣುತ್ತಿತ್ತು. ಪ್ರತಿಯೊಂದರ ಮುಂದೆಯೂ ಒಂದು ಫಲಕ: ತಯಾರಕರ ಹೆಸರು, ತಯಾರಾದ ವರ್ಷ, ಎಂಜಿನ್ನಿನ ಅಶ್ವಶಕ್ತಿ, ಮೊದಲು ಯಾವ ಅರಮನೆಯಲ್ಲಿ ಅಥವಾ ಯಾವ ಸಾಹೇಬರ ಬಂಗಲೆಯಲ್ಲಿತ್ತು ಎಂಬ ವಂಶಾವಳಿ, ಈಗಿನ ಯಜಮಾನರ ನಾಮಧೇಯ. ಸುತ್ತಲೂ ಹಗ್ಗ. ಹಗ್ಗದಾಚೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಒಂದು ಸುತ್ತು ಹೊಡೆಯುವಷ್ಟರಲ್ಲಿ ನಮ್ಮ ಮಗ ಕೇಳಿದ: "ಅಪ್ಪ, ಇವು ಓಡುತ್ತವಾ?" ಫಲಕಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಮೈದಾನದ ಮೂಲೆಯಲ್ಲಿ. ಅಲ್ಲಿ ಒಂದು ಸ್ಟಾಂಡರ್ಡ್ ಹೆರಾಲ್ಡ್ ನಿಂತಿತ್ತು. ಅರಮನೆಯ ವಂಶಾವಳಿ ಅದಕ್ಕಿಲ್ಲ. ಅದು ಈ ಊರಿನದೇ ಕೂಸು. ವಂಡಲೂರಿನ ಬಳಿಯ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ 1961ರಿಂದ ತಯಾರಾದದ್ದು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿಗೆ ಇಟಲಿಯ ಮಿಕೆಲೋಟಿ ರೂಪ ಕೊಟ್ಟರು. ಅಲ್ಲಿ ಎರಡು ಬಾಗಿಲಿದ್ದದ್ದನ್ನು ನಮ್ಮ ಸಂಸಾರಗಳ ಗಾತ್ರ ಬಲ್ಲ ಮದರಾಸಿನವರು ಮುಂದೆ ನಾಲ್ಕು ಬಾಗಿಲು ಮಾಡಿದರು. ಅಂಬಾಸಿಡರ್ ಅಧಿಕಾರಿಗಳದು, ಫಿಯೆಟ್ ವೈದ್ಯರದು ಎಂದು ಜನ ಹೇಳುತ್ತಿದ್ದ ಕಾಲದಲ್ಲಿ ಹೆರಾಲ್ಡ್ ಹಲವು ಮಧ್ಯಮ ವರ್ಗದ ಮನೆಗಳ ಮೊದಲ ಕಾರಾಗಿತ್ತು. 1972ರಲ್ಲಿ ಗೆಝೆಲ್, 1985ರಲ್ಲಿ ಸ್ಟಾಂಡರ್ಡ್ 2000 ಬಂದವು. ಕೊನೆಯದು ನೆಲೆಯೂರಲಿಲ್ಲ. 1980ರ ದಶಕ ಮುಗಿಯುವ ಮೊದಲೇ ಕಾರ್ಖಾನೆಯಿಂದ ಕಾರು ಬರುವುದು ನಿಂತುಹೋಯಿತು.

ಹೆರಾಲ್ಡಿನ ಬಾನೆಟ್ ಇತರ ಕಾರುಗಳಂತಲ್ಲ. ಎರಡು ಕಡೆಯ ಮಡ್‌ಗಾರ್ಡುಗಳನ್ನೂ ಸೇರಿಸಿಕೊಂಡು ಇಡೀ ಮುಂಭಾಗವೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಎಂಜಿನ್ನು, ಮುಂದಿನ ಚಕ್ರ, ಸ್ಟೀಯರಿಂಗು ಎಲ್ಲವೂ ಬಯಲಿಗೆ ಬರುತ್ತವೆ. ಯಜಮಾನರ ಜೊತೆಗೆ ಬಂದಿದ್ದ ವಯಸ್ಸಾದ ಮೆಕ್ಯಾನಿಕ್ ಒಬ್ಬರು, ಹುಡುಗನ ಕುತೂಹಲ ನೋಡಿ, ಅದನ್ನು ಎತ್ತಿಯೇಬಿಟ್ಟರು. ಐದೇ ನಿಮಿಷದಲ್ಲಿ ರೋಲ್ಸ್ ರಾಯ್ಸ್ ಮುಂದೆ ಇದ್ದ ಗುಂಪಿನ ಅರ್ಧ ಭಾಗ ಇಲ್ಲಿಗೆ ಬಂದಿತ್ತು.

ಆತ ಮುಂದಿನ ಚಕ್ರದ ಒಳಗೆ ಬೆರಳಿಟ್ಟು ತೋರಿಸಿದ್ದು ಟ್ರನಿಯನ್ ಎಂಬ ಮುಷ್ಟಿಯಷ್ಟು ಗಾತ್ರದ ಕಂಚಿನ ಭಾಗವನ್ನು. ಚಕ್ರವನ್ನು ಹೊತ್ತ ಉಕ್ಕಿನ ಕಂಬದ ಕೆಳತುದಿಯಲ್ಲಿ ಸ್ಕ್ರೂವಿನಂತೆ ಮರೆ ಇದೆ. ಅದು ಈ ಕಂಚಿನೊಳಗೆ ಕೂತು, ನಾವು ಸ್ಟೀಯರಿಂಗ್ ತಿರುಗಿಸಿದಾಗಲೆಲ್ಲ ತಿರುಗುತ್ತದೆ. "ಇದಕ್ಕೆ ಗ್ರೀಸ್ ಕೂಡದು ಸಾರ್, ಗೇರ್ ಆಯಿಲೇ ಹಾಕಬೇಕು. ತೊಂಬತ್ತು ನಂಬರ್," ಎಂದರು ತಮಿಳಿನಲ್ಲಿ. ಗ್ರೀಸ್ ದಪ್ಪ, ಮರೆಯ ಸಂದಿಗೆ ಸರಿಯಾಗಿ ಇಳಿಯದು. ಇಳಿಯದ ಕಡೆ ನೀರು ಸೇರುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಒಂದು ದಿನ ಕಾರು ನಿಲ್ಲಿಸಲೆಂದು ಸ್ಟೀಯರಿಂಗನ್ನು ಪೂರ್ತಿ ತಿರುಗಿಸಿದಾಗ ಕಂಬ ಮುರಿದು ಚಕ್ರ ಮಲಗುತ್ತದೆ. ಒಂದು ಬಾಟಲಿ ಎಣ್ಣೆಯಲ್ಲಿ ತಪ್ಪಿಸಬಹುದಾದ ಅಪಘಾತ. "ಹೊಸ ಹುಡುಗರು ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಒತ್ತುತ್ತಾರೆ. ಯಾರು ಹೇಳಿಕೊಡಬೇಕು?" ಎಂದು ಅವರು ಕೈ ಒರೆಸಿಕೊಂಡರು.

ನಮ್ಮ ವಿಮರ್ಶೆಯ ತಿರುಳು ಈ ಪ್ರಶ್ನೆಯಲ್ಲೇ ಇದೆ. ಅಷ್ಟು ದೊಡ್ಡ ಮೈದಾನದಲ್ಲಿ ನೋಡುಗನ ಕೈಗೆ ಸಿಕ್ಕಿದ ಒಂದೇ ಒಂದು ಉಪಯುಕ್ತ ಮಾತು ಫಲಕದ ಮೇಲೆ ಇರಲಿಲ್ಲ. ಆಡಿದವರ ಹೆಸರೂ ಯಾವ ಫಲಕದಲ್ಲಿಯೂ ಇರಲಿಲ್ಲ. ಅವರು ಅಂದು ಬರದಿದ್ದರೆ ಆ ಮಾತು ಬರುತ್ತಿರಲಿಲ್ಲ. ಹತ್ತು ವರ್ಷದ ಮೇಲೆ ಅವರಂಥವರು ಯಾರೂ ಇಲ್ಲದಿದ್ದರೆ ಕಾರೂ ಉಳಿಯದು. ಪ್ರದರ್ಶನ ಹೊಳಪನ್ನು ಹಂಚಿತು, ಆರೈಕೆಯನ್ನು ಹಂಚಲಿಲ್ಲ.

ಬಹುಮಾನಗಳ ವಿಷಯವೂ ಇದಕ್ಕೆ ಹೊಂದುವಂತೆಯೇ ಇತ್ತು. ಮೆಚ್ಚುಗೆ ಹೆಚ್ಚಾಗಿ ಹೋದದ್ದು ಈಚೆಗೆ ಹೊಸದಾಗಿ ಬಣ್ಣ ಬಳಿಸಿ, ಕ್ರೋಮಿಯಂ ಲೇಪ ಕೊಡಿಸಿ, ಒಳಗಿನ ಚರ್ಮವನ್ನೆಲ್ಲ ಬದಲಾಯಿಸಿದ ಕಾರುಗಳಿಗೆ. ಬಣ್ಣ ಸ್ವಲ್ಪ ಮಾಸಿದ್ದರೂ ಅದೇ ಸೀಟು, ಅದೇ ಮೀಟರು ಇಟ್ಟುಕೊಂಡು ಅರವತ್ತು ವರ್ಷ ಓಡಿಬಂದ ಕಾರಿಗೆ ಒಂದು ಪ್ರಶಂಸಾಪತ್ರವೂ ಇಲ್ಲ. ಕೆಟ್ಟದ್ದನ್ನು ಒಮ್ಮೆ ಹಣ ಚೆಲ್ಲಿ ಸರಿಪಡಿಸುವುದು ಒಂದು ಸಾಧನೆ. ಕೆಡದಂತೆ ದಿನವೂ ನೋಡಿಕೊಳ್ಳುವುದು ಅದಕ್ಕಿಂತ ಹಿರಿದು. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಕಾಣಿಸುವುದೇ ಪ್ರದರ್ಶನದ ಕೆಲಸವಲ್ಲವೆ?

ಇಲ್ಲಿ ಸರ್ಕಾರದ ನಿಯಮವೇ ಪ್ರದರ್ಶಕರಿಗಿಂತ ಒಂದು ಹೆಜ್ಜೆ ಮುಂದಿದೆ ಎಂದು ಹೇಳಲು, ಕಡತಗಳ ನಡುವೆ ದಿನ ಕಳೆಯುವ ನಮಗೆ ಸ್ವಲ್ಪ ಸಂತೋಷವಾಗುತ್ತದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲೇ ಉಳಿಸಿಕೊಂಡ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರದ ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಸಂಖ್ಯಾಫಲಕದಲ್ಲಿ 'ವಿಎ' ಎಂಬ ಎರಡು ಅಕ್ಷರಗಳು ಬರುತ್ತವೆ. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಯಾವುದಕ್ಕೆ ರಸ್ತೆಗೆ ತರಬಹುದು ಎಂಬ ಪಟ್ಟಿಯಲ್ಲಿ ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದರ ಜೊತೆಗೆ 'ನಿರ್ವಹಣೆ'ಯೂ ಇದೆ. ನಿಯಮ ಬರೆದವರಿಗೆ ನೆನಪಾದ ಪದ ಪ್ರದರ್ಶನ ಮಾಡುವವರಿಗೆ ಮರೆತುಹೋಗಬಾರದಿತ್ತು.

ಹಾಗಾದರೆ ಫಲಕಗಳಲ್ಲಿ ಏನಿರಬೇಕಿತ್ತು? ಚೆನ್ನೈಯಂಥ ಊರಿಗೇ ಹೊಂದುವ ಕೆಲವನ್ನು ಹೇಳುತ್ತೇವೆ.

ಮೊದಲನೆಯದು ನಮ್ಮ ಗಾಳಿ. ಸಮುದ್ರದ ಉಪ್ಪು, ವರ್ಷವಿಡೀ ಬಿಡದ ತೇವ. ಪ್ಲಾಸ್ಟಿಕ್ ಹೊದಿಕೆ ಹಾಕಿ ಕಾರನ್ನು ಕಾಪಾಡಿದೆವೆಂದು ತಿಳಿಯುವವರು ತೇವವನ್ನು ಒಳಗೇ ಕಟ್ಟಿಹಾಕುತ್ತಾರೆ. ಗಾಳಿಯಾಡುವ ಬಟ್ಟೆಯ ಹೊದಿಕೆಯೇ ಲೇಸು. ಬಾಗಿಲುಗಳ ಕೆಳಗಿನ ನೀರು ಹರಿಯುವ ತೂತುಗಳನ್ನು ಕಡ್ಡಿಯಿಂದ ಬಿಡಿಸುತ್ತಿರಬೇಕು. 'ಬ್ರೇಕ್ ಆಯಿಲ್' ಎಂದು ನಾವು ಕರೆಯುವುದು ನಿಜವಾಗಿ ಎಣ್ಣೆಯಲ್ಲ, ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರುವುದು ಅದರ ಗುಣ. ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ, ಬ್ರೇಕಿನ ಸಿಲಿಂಡರು ಒಳಗೇ ತುಕ್ಕು ಹಿಡಿಯುತ್ತದೆ. ಓಡದೆ ನಿಂತ ಕಾರಿಗೂ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು.

ಎರಡನೆಯದು ಪೆಟ್ರೋಲು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. ಗಾಳಿಗೆ ಅದು ಮಹೋಪಕಾರ, ಸೀಸವನ್ನೇ ನಂಬಿದ್ದ ಹಳೆಯ ಎಂಜಿನ್ನುಗಳ ವಾಲ್ವ್ ಸೀಟುಗಳಿಗೆ ತೊಂದರೆ. ಗಟ್ಟಿ ಲೋಹದ ಸೀಟು ಕೂರಿಸುವುದು ಅದಕ್ಕೆ ಪರಿಹಾರ. 2025ರ ಹೊತ್ತಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂಕುಗಳಲ್ಲಿ ಸಾಮಾನ್ಯವಾಯಿತು. ಹಳೆಯ ಕಾರಿನ ರಬ್ಬರ್ ಕೊಳವೆ, ಕಾರ್ಕಿನ ಗ್ಯಾಸ್ಕೆಟ್ಟುಗಳನ್ನು ಎಥನಾಲ್ ಮೆತ್ತಗೆ ಮಾಡುತ್ತದೆ, ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಜಿನುಗಿದರೆ ಬೆಂಕಿಯೇ ಗತಿ. ಎಥನಾಲ್ ನೀರನ್ನೂ ಸೆಳೆಯುತ್ತದೆ. ಆದ್ದರಿಂದ ಎಥನಾಲ್ ತಡೆಯುವ ಕೊಳವೆಗಳನ್ನು ಹಾಕಿಸುವುದು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಕೂರಿಸದಿರುವುದು, ಸ್ಪಾರ್ಕ್ ಪ್ಲಗ್ಗಿನ ಬಣ್ಣ ತೀರ ಬಿಳಿಚಿದರೆ ಕಾರ್ಬುರೇಟರ್ ನೋಡಿಸುವುದು ಅಗತ್ಯ.

ಮೂರನೆಯದು ಮಳೆ. 2015ರ ಡಿಸೆಂಬರ್, 2023ರ ಡಿಸೆಂಬರ್ ಎರಡನ್ನೂ ಈ ಊರು ಮರೆತಿಲ್ಲ. ಮುಳುಗಿದ ಕಾರಿನ ಕೀ ತಿರುಗಿಸಿ ನೋಡುವುದೇ ಮೊದಲ ತಪ್ಪು. ಗಾಳಿಯಂತೆ ನೀರು ಒತ್ತಿದರೆ ಕುಗ್ಗುವುದಿಲ್ಲ; ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ಬಿಚ್ಚಿ, ಪ್ಲಗ್ಗುಗಳನ್ನು ತೆಗೆದು, ಕೈಯಿಂದ ಎಂಜಿನ್ ತಿರುಗಿಸಿ ನೀರು ಹೊರಹಾಕಿ, ಎಣ್ಣೆಗಳನ್ನೆಲ್ಲ ಬದಲಿಸಿದ ಮೇಲೆಯೇ ಮುಂದಿನ ಮಾತು. ಇದು ಹಳೆಯ ಕಾರಿನವರಿಗೆ ಮಾತ್ರವಲ್ಲ, ತಾಂಬರಮ್ಮಿನಲ್ಲೋ ವೇಳಚ್ಚೇರಿಯಲ್ಲೋ ಮನೆ ಮಾಡಿರುವ ನಮ್ಮಂಥವರಿಗೆಲ್ಲ ಬೇಕಾದ ತಿಳಿವಳಿಕೆ.

ಪ್ರದರ್ಶಕರ ಪರವಾಗಿಯೂ ಎರಡು ಮಾತು ಹೇಳಬೇಕು. ಸ್ವಂತ ಹಣ ಸುರಿದು, ಸಿಗದ ಬಿಡಿಭಾಗಗಳಿಗಾಗಿ ಪುದುಪ್ಪೇಟೆಯ ಗುಜರಿಯಲ್ಲೂ ಜಿ.ಪಿ. ರಸ್ತೆಯ ಅಂಗಡಿಗಳಲ್ಲೂ ಅಲೆದು, ಒಂದು ಕಾರನ್ನು ಉಳಿಸುವುದು ಹುಡುಗಾಟವಲ್ಲ. ಅಂಥದ್ದನ್ನು ಊರಿನ ಮಕ್ಕಳೆಲ್ಲ ಮುಟ್ಟಲಿ ಎಂದು ಬಿಡಲು ಎದೆ ಬೇಕು. ಹಗ್ಗ ಕಟ್ಟಿದ್ದಕ್ಕೆ ನಾವು ಆಕ್ಷೇಪಿಸುವುದಿಲ್ಲ. ಅಂದವನ್ನು ನೋಡಲೆಂದೇ ಬರುವವರೂ ಇದ್ದಾರೆ, ಅವರಿಗೆ ಎಣ್ಣೆಮಸಿಯ ಪಾಠ ಬೇಕಿಲ್ಲದಿರಬಹುದು. ಆದರೆ ಎರಡೂ ಒಟ್ಟಿಗೆ ಸಾಧ್ಯವಿಲ್ಲವೆಂದೇನೂ ಇಲ್ಲ. ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಅವರ ಮನೆತನದವರು ನಡೆಸುವ ಜೀಡೀ ಕಾರು ಸಂಗ್ರಹಾಲಯದಲ್ಲಿ ಕಾರಿನ ಅಂದದಷ್ಟೇ ಅದರ ಯಂತ್ರಕ್ಕೂ ಮರ್ಯಾದೆಯಿದೆ. ರಜೆಯಲ್ಲಿ ಊರಿಗೆ ಹೋಗುವ ನಮ್ಮ ಬಂಧುಗಳು ಧರ್ಮಸ್ಥಳದ ಮಂಜೂಷಾದಲ್ಲಿ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಆರಂಭವಾದ 'ಪಯಣ'ದಲ್ಲಿ ಹಳೆಯ ಕಾರುಗಳನ್ನು ನೋಡಬಹುದು. ನೋಡುವಾಗ 'ಇದನ್ನು ಉಳಿಸಿದ ಕೈ ಯಾರದು?' ಎಂಬ ಪ್ರಶ್ನೆಯನ್ನೂ ಜೊತೆಗೆ ಒಯ್ಯಲಿ.

ನಮ್ಮ ಸಲಹೆಗಳು ದುಬಾರಿಯವಲ್ಲ. ಪ್ರತಿ ಫಲಕದಲ್ಲಿ ಯಜಮಾನರ ಹೆಸರಿನ ಕೆಳಗೆ, ಒಪ್ಪಿಗೆ ಪಡೆದು, ಮೆಕ್ಯಾನಿಕ್ ಮತ್ತು ಟಿಂಕರಿಂಗ್ ಮಾಡಿದವರ ಹೆಸರು ಬರಲಿ. ಕಾರಿನ ದುರಸ್ತಿಯ ದಿನಚರಿಯ ಒಂದು ಪುಟ ಅದರ ಪಕ್ಕದಲ್ಲಿರಲಿ: ಏನು ಕೆಟ್ಟಿತು, ಏಕೆ ಕೆಟ್ಟಿತು, ಹೇಗೆ ಸರಿಹೋಯಿತು. ಗಂಟೆಗೊಂದು ಕಾರಿನ ಬಾನೆಟ್ ತೆರೆದು ಹತ್ತು ನಿಮಿಷ ವಿವರಿಸಲಿ. ಬಹುಮಾನಗಳಲ್ಲಿ ಒಂದು, ಪುನರ್‌ನಿರ್ಮಿಸದೆ ಉಳಿಸಿಕೊಂಡ ಕಾರಿಗೆ ಮೀಸಲಾಗಲಿ.

ಇನ್ನೊಬ್ಬರಿಗೆ ಬುದ್ಧಿ ಹೇಳಿದ ಮೇಲೆ ನಮ್ಮ ಮನೆಯ ಕಡೆಗೂ ನೋಡಬೇಕಾಗುತ್ತದೆ. ಪರಸ್ಥಳದಲ್ಲಿರುವ ನಾವು ನವೆಂಬರಿನಲ್ಲಿ ಮಕ್ಕಳಿಗೆ ರೇಷ್ಮೆ ಉಡಿಸಿ, ಒಂದು ಹಾಡು ಬಾಯಿಪಾಠ ಮಾಡಿಸಿ, ವೇದಿಕೆಗೆ ಹತ್ತಿಸುತ್ತೇವೆ. ಕಾರ್ಯಕ್ರಮ ಮುಗಿದ ಮೇಲೆ ಮನೆಯಲ್ಲಿ ಅವರೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತೇವೆ? ವರ್ಷಕ್ಕೊಮ್ಮೆ ಹೊಳೆಯುವ ಕನ್ನಡಕ್ಕೂ ಹಗ್ಗದಾಚೆಯ ಕಾರಿಗೂ ಇರುವ ಹೋಲಿಕೆ ನಮಗೆ ಅಂದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು; ಅಷ್ಟು ಹಿತವಾಗಲಿಲ್ಲ.

ಸಂಜೆ ಪ್ರದರ್ಶನ ಮುಗಿದಾಗ ಬಹುಮಾನ ಪಡೆದ ಎರಡು ಮೂರು ಕಾರುಗಳನ್ನು ಲಾರಿಗೆ ಹತ್ತಿಸುತ್ತಿದ್ದರು. ಹೆರಾಲ್ಡಿನವರು ಬಾನೆಟ್ ಮುಚ್ಚಿ, ಎರಡೂ ಬದಿಯ ಕೊಂಡಿ ಹಾಕಿದರು. ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಮೆಕ್ಯಾನಿಕ್ ಹಿಂದಿನ ಸೀಟಿನಲ್ಲಿ ಕೂತರು. "ಅಪ್ಪ, ಇದು ಓಡುತ್ತೆ!" ಎಂದ ಮಗ.